ಚಹಾ ಬಿಟ್ಟ ಅತ್ತಿ, ಸೋವಿ ಹಡಗಿನ ಟಿಕೀಟು

ಸೋವಿ ಟಿಕೀಟು ಹುಡುಕೂ ಮನಿಯಾಗ ನಗಿಗೆ ಎಂದೂ ಬರ ಬರೂದಿಲ್ಲ. ಈಗಲೂ ನಮ್ಮ ಮನಿಯಾಗ ಯಾರಾದರೂ ಊರಿಗೆ ಹೊರಟರ, ಯಾವ ಟಿಕೀಟಿನಾಗ ಎಷ್ಟು ಉಳೀತೈತಿ ಅಂತ ಮಾತು ಶುರುವಾದರ ಸಾಕು, ಏನಾದರೊಂದು ಫಜೀತಿ ಆಗೇ ಆಗತೈತಿ. ಈ ರೋಗ ಎಲ್ಲಿಂದ ಬಂತು ಅಂತ ಮೊಮ್ಮಕ್ಕಳು ಕೇಳತಾವ. ಹಡಗಿನಿಂದ ಬಂತು ಅಂತೇನಿ. ಹುಬ್ಬಳ್ಳಿಗೆ ಹಡಗು ಯಾವಾಗ ಬಂದಿತ್ತಬೇ ಅಂತ ನಗತಾವ. ಹಡಗು ಬಂದಿರಲಿಲ್ಲ, ಖರೇ. ಅದರ ಟಿಕೀಟು ಬಂದಿತ್ತು. ನಮ್ಮ ಮನಿ ಅಲ್ಲಾಡಾಕ ಅಷ್ಟ ಸಾಕಾತು.

ಆಗ ನಾವು ಹುಬ್ಬಳ್ಳಿಯ ರೇಲ್ವೆ ಚಾಳಿನಾಗ ಇದ್ದಿವಿ. ನಮ್ಮವರು ರೇಲ್ವೆ ಕಾರಖಾನಿಯಾಗ ಫಿಟ್ಟರ್. ಮನಿಯಾಗ ಅವರು, ನಾನು, ನಮ್ಮ ಅತ್ತಿ, ಮೂರೇ ಮಂದಿ. ಗೋವಾದಾಗಿನ ಪರಂಗ್ಯಾರು ಗಂಟು ಕಟಗೊಂಡು ಹೋಗಿ, ಗೋವಾ ನಮ್ಮದಾಗಿತ್ತು. ಹುಬ್ಬಳ್ಳಿಯಾಗ ರೈಲು ಹತ್ತಿ ಗೋವಾದ ಬಂದರಕ್ಕ ಇಳದು, ಅಲ್ಲಿ ಹಡಗು ಹತ್ತಿದರ ಮರುದಿನ ಮುಂಬಯಿ ಅಂತ ಮಂದಿ ಮಾತಾಡೂ ಕಾಲ ಅದು.

ಚಹಾ ಬಿಟ್ಟದ್ದು

ಬಾಜೂ ಮನಿಯಾಗ ರೇಲ್ವೆ ಗಾರ್ಡರೊಬ್ಬರಿದ್ದರು. ಅವರ ಹೆಂಡತಿಗೆ ಚಾಳಿನವರೆಲ್ಲ ಗಾರ್ಡ್ ಕಾಕೂ ಅಂತಿದ್ದಿವಿ. ಕಾಕೂ ಒಮ್ಮೆ ತವರಿನವರ ಜೋಡಿ ಹಡಗಿನಾಗ ಮುಂಬಯಿಗೆ ಹೋಗಿ ಬಂದಳು. ಬಂದ ಮ್ಯಾಲೆ ಆಕಿ ನಡಿಗಿನ ಬದಲಾತು. ನಳದ ಕಡೆಯಿಂದ ಕೊಡಾ ಹೊತಗೊಂಡು ಬರುವಾಗ ಸೈತ, ಕಾಲಾಗ ತೆರಿ ಬಂದಂಗ ಆಚೆ ಒಮ್ಮೆ ಈಚೆ ಒಮ್ಮೆ ವಾಲತಿದ್ದಳು.

ಸಂಜೀಮುಂದ ಕಟ್ಟಿ ಮ್ಯಾಲೆ ಕುಂತು ಹೇಳೂದು: “ನಾಕೂ ಕಡೆ ನೀರ್ರಿ. ಗಾಳಿ ಅಂದ್ರ ಅದು ಗಾಳಿ. ಆ ಗಾಳಿಯಾಗ ಕೈಯಾಗೊಂದು ಬಿಸಿ ಚಾ. ಒಂದು ಗುಟಕ ಚಾ, ಒಮ್ಮೆ ಸಮುದ್ರ. ಇನ್ನೊಂದು ಗುಟಕ ಚಾ, ಇನ್ನೊಮ್ಮೆ ಸಮುದ್ರ.”

ನಮ್ಮ ಅತ್ತಿಯ ಮನಸ್ಸಿಗೆ ಸಮುದ್ರಕ್ಕಿಂತ ಆ ಚಹಾ ಹತ್ತಿತು. ಅವರು ಉಪ್ಪಿನಬೆಟಗೇರಿಯ ಒಕ್ಕಲುತನದ ಮನಿಯ ಮಗಳು. ಊರಾಗ ಇದ್ದಾಗ ಮಜ್ಜಿಗಿ ಕುಡದು ಬೆಳದವರು, ಹುಬ್ಬಳ್ಳಿಗೆ ಬಂದ ಮ್ಯಾಲೆ ಚಹಾದ ಕೈಗೆ ಸಿಕ್ಕಿದ್ದರು. ಎದ್ದ ಕೂಡಲೇ ಒಂದು, ದೇವರ ಮುಂದ ದೀಪಾ ಹಚ್ಚಿದ ಮ್ಯಾಲೆ ಒಂದು, ಕಾರಖಾನಿಯ ಭೋಂಗಾ ಕೂಗಿದಾಗ ಒಂದು. ಕಪ್ಪಿಗೆ ಬಾಯಿ ಹಚ್ಚತಿರಲಿಲ್ಲ. ಬಶಿಯಾಗ ಸುರುವಿಕೊಂಡು, ಎರಡೂ ಕೈಲೇ ಹಿಡದು, ಕಣ್ಣು ಮುಚ್ಚಿ ಸೊರ್ ಅಂತ ಹೀರತಿದ್ದರು. ಆ ಹೊತ್ತಿನಾಗ ಮನಿಗೆ ಬೆಂಕಿ ಬಿದ್ದರೂ, ಬಶಿ ಖಾಲಿ ಆಗೂತನಕ ನೀರು ತರತಿರಲಿಲ್ಲ.

ಒಂದು ದಿನ ಮಗನಿಗೆ ಹೇಳಿದರು, ನನ್ನ ಒಮ್ಮೆ ಹಡಗ ಹತ್ತಸು, ನೀರಿನ ನಡುವ ಕುಂತು ಚಾ ಕುಡೀಬೇಕು ಅಂತ. ಹುಟ್ಟಿದಾಗಿಂದ ಅವರು ತಮಗಂತ ಏನೂ ಬೇಡಿದವರಲ್ಲ. ಇದೊಂದು ಬೇಡಿದರು. ನಮ್ಮವರು, “ನೋಡೂಣು ಅವ್ವಾ, ಸವಲತ್ತಿನ ಟಿಕೀಟು ಯಾವುದರ ಐತೇನು ಕೇಳತೇನಿ” ಅಂದರು. ದರದಾಗ ಏನಾದರೂ ಬಿಟ್ಟು ಕೊಟ್ಟರ ಅದಕ್ಕ ಸವಲತ್ತು ಅಂತಿದ್ದರು.

“ನೋಡೂಣು ಅಂದ್ರ ನೀ ನೋಡೂದಿಲ್ಲ. ನಿಮ್ಮಪ್ಪನೂ ಹಂಗ ಅಂತಿದ್ದ,” ಅಂದರು ಅತ್ತಿ. “ಇಕಾ, ಇವತ್ತಿಗೆ ಚಾ ಬಿಟ್ಟೆ. ಇನ್ನ ಕುಡದ್ರ ಹಡಗದಾಗನ.” ಬಶಿ ಮುಗುಚಿ ಇಟ್ಟರು.

ನಮ್ಮ ಕಡೆ ಕಾಶಿಗೆ ಹೋದವರು ತಮಗ ಪ್ರೀತಿಯ ತಿನಿಸು ಒಂದನ್ನ ಅಲ್ಲೇ ಬಿಟ್ಟು ಬರೂ ವಾಡಿಕಿ ಐತಿ. ಅವರು ಹೋಗಿ ಬಿಡತಾರ, ಇವರು ಹೋಗೂದಕ್ಕ ಮೊದಲೇ ಬಿಟ್ಟರು. ಮುಂಜಾನೆ ಎದ್ದರ ತಾನ ಕುಡೀತಾಳ ಬಿಡು ಅಂತ ನಮ್ಮವರು ನನ್ನ ಕಿವಿಯಾಗ ಅಂದು ಮಲಗಿದರು. ಮುಂಜಾನೆ ಅತ್ತಿನ ಎದ್ದು, ಶುಂಠಿ ಜಜ್ಜಿ ಹಾಕಿ, ಚಹಾ ಕುದಿಸಿ ನಮ್ಮಿಬ್ಬರ ಮುಂದ ಇಟ್ಟರು. ತಾವು ಮಗನ ಎದುರಿಗೆ ಮೂಗು ಮುಂದ ಮಾಡಿ ಕುಂತರು.

“ಚಾ ಬಿಟ್ಟೀನಿ ಅಂದಿ, ಅವ್ವಾ?”

“ಕುಡಿಯೂದು ಬಿಟ್ಟೀನಿ, ಮೂಸೂದು ಬಿಟ್ಟಿಲ್ಲ. ಕಪ್ಪು ಈ ಕಡೆ ವಾಲಿಸಿ ಕುಡಿ, ಉಗಿ ಎಲ್ಲಾ ನಿನ್ನ ಮೂಗಿನ್ಯಾಗ ಹೊಂಟೈತಿ.”

ಪುಕ್ಕಟೆ ಯಾವುದು

ನಮ್ಮವರು ಜಿಪುಣರಲ್ಲ. ಆದರ ಹುಟ್ಟಿದಾಗಿಂದ ಟಿಕೀಟು ತಗೊಂಡು ಗೊತ್ತಿದ್ದವರಲ್ಲ. ಅಪ್ಪನೂ ರೇಲ್ವೆ, ಮಗನೂ ರೇಲ್ವೆ. ರೇಲ್ವೆಯವರಿಗೆ ಮನಿಮಂದಿ ಸಮೇತ ತಿರುಗಾಡಾಕ ಪುಕ್ಕಟೆ ಪಾಸು ಸಿಗತಿತ್ತು. ನನ್ನ ನೋಡಾಕ ಬಂದದ್ದೂ ಪಾಸಿನ ಮ್ಯಾಲೆ. ಪಾಸಿನ ಮುದತ್ತು ಮುಗಿಯಾಕ ಬಂದಿತ್ತು, ಅದಕ್ಕ ಭಾವ ಲಗೂನ ಹೂಂ ಅಂದ ಅಂತ ನನ್ನ ತಂಗಿ ಈಗಲೂ ಕಾಡಸ್ತಾಳ.

ಅಂಥವರು ಒಂದು ರವಿವಾರ ನನ್ನೂ ಅತ್ತೀನೂ ಕರಕೊಂಡು, ಹಡಗಿನ ಟಿಕೀಟು ಮಾರೂ ಅಂಗಡಿಗೆ ಹೋದರು. ಟೇಶನ್ ಹತ್ತಿರದ ಓಣಿಯಾಗ ಒಂದು ಸಣ್ಣ ಅಂಗಡಿ. ಕರೀ ಟೊಪಿಗಿ ಹಾಕಿದ ಗುಂಡನ್ನ ಮನುಷ್ಯ, ಅವನ ಬೆನ್ನ ಹಿಂದ ಗ್ವಾಡಿ ತುಂಬ ಹಡಗಿನ ಚಿತ್ರ. ಹಡಗದಾಗ ಹಿಂಗ ಗಾಳಿ ಬರತೈತಿ, ಹಂಗ ಸೂರ್ಯಾ ಮುಳಗತಾನ ಅಂತ ಅವನು ಹೇಳಾಕ ಶುರು ಮಾಡಿದರ, ಕೇಳಿದವರ ಕಾಲು ತಾವ ಬಂದರದ ಕಡೆ ತಿರಗತಿದ್ದವು.

ನಮ್ಮವರು ಕಿಸೆದಾಗಿಂದ ರೇಲ್ವೆ ಪಾಸು ತೆಗೆದು ಅವನ ಮುಂದ ಇಟ್ಟು, ಇದಕ್ಕ ಎಷ್ಟು ಬಿಡತೀರಿ ಅಂತ ಕೇಳಿದರು.

ಅವನು ಪಾಸು ಹಿಂದ ಮುಂದ ತಿರುವಿ ನೋಡಿ, “ಸಮುದ್ರದಾಗ ಹಳಿ ಹಾಕಿಲ್ರೀ, ಸಾಹೇಬ್ರ” ಅಂದ.

ಆಮ್ಯಾಲೆ ಒಂದೊಂದ ಬಿಡಿಸಿ ಹೇಳಿದ. ಹೋಗಾಕ ಬರಾಕ ಕೂಡೇ ಟಿಕೀಟು ತಗೊಂಡರ ಒಂದು ಸವಲತ್ತು. ಹತ್ತು ಮಂದಿ ಗುಂಪು ಕಟಗೊಂಡು ಬಂದರ ಪಾರ್ಟಿ ಟಿಕೀಟು, ಅದಕ್ಕ ಇನ್ನೊಂದು ಸವಲತ್ತು. ತಿನ್ನೂದು ಉಣ್ಣೂದು ಏನೂ ಬ್ಯಾಡ ಅಂದರ ಅದಕ್ಕೂ ಒಂದಿಷ್ಟು ಬಿಡತಾರ. ಹಡಗಿನಾಗ ಎರಡು ಅಂತಸ್ತು, ಕೆಳಗಿನ ಡೆಕ್ಕು ಸೋವಿ, ಮ್ಯಾಲಿನ ಡೆಕ್ಕು ತುಟ್ಟಿ. ಮ್ಯಾಲೆ ಖುರ್ಚಿ, ಗಾಳಿ, ಉಪಚಾರ ಎಲ್ಲಾ ಐತಿ. ಕೆಳಗ ಚಾಪಿ ಹಾಸಿಕೊಂಡು ನಿಮ್ಮಷ್ಟಕ್ಕ ನೀವು.

ನಮ್ಮವರು ಎಲ್ಲಾ ಕೇಳಿ, ಗದ್ದ ತಿಕ್ಕಿಕೊಂಡು, “ಇದರಾಗ ಪುಕ್ಕಟೆ ಯಾವುದ್ರಿ?” ಅಂದರು.

ಅಂಗಡಿಕಾರ ಟೊಪಿಗಿ ತೆಗೆದು, ತಲಿ ಕೆರಕೊಂಡು, ತಿರುಗಿ ಹಾಕಿಕೊಂಡ. “ಪುಕ್ಕಟೆನೂ ಐತ್ರಿ. ದಂಡೀ ಮ್ಯಾಲೆ ನಿಂತು ಹಡಗಕ್ಕ ಕೈ ಬೀಸೂದು. ಅದಕ್ಕ ನಾವು ಯಾರ ಕಡೆನೂ ಏನೂ ತಗೊಳ್ಳೂದಿಲ್ಲ.”

ಹೋಗೂದು ಉಳೀತು

ಫಿಟ್ಟರ್ ಅಂದ ಮ್ಯಾಲೆ ಕಿಸೆದಾಗ ಸದಾ ಸೀಮೆಸುಣ್ಣ. ಕಬ್ಬಿಣದ ಮ್ಯಾಲೆ ಗೆರಿ ಹಾಕಿ ಹಾಕಿ, ನಮ್ಮವರಿಗೆ ಸೀಮೆಸುಣ್ಣ ಕೈಯಾಗಿಲ್ಲದಿದ್ದರ ವಿಚಾರನ ಬರತಿರಲಿಲ್ಲ. ಅಂಗಡಿಯಿಂದ ಬಂದವರು ಪಡಸಾಲಿಯ ಫರಶಿ ಮ್ಯಾಲೆ ಕುಂತು ಹಿಸೇಬು ಶುರು ಮಾಡಿದರು. ಬಾಗಿಲ ಕಡೆ ಹೋಗೂದು, ಒಲಿ ಕಡೆ ಬರೂದು, ನಡುವ ಒಂದು ಉದ್ದನ್ನ ಗೆರಿ, ಅದು ಸಮುದ್ರ.

ಅವರ ಸಂಕಟ ಏನಂದರ, ಹೋಗಿ ಬರೂ ಟಿಕೀಟು ತಗೊಂಡರ ಸವಲತ್ತು ಐತಿ, ಖರೇ. ಆದರ ಮುಂಬಯಿಂದ ರೈಲಿನಾಗ ಬಂದರ ಪಾಸು, ಪೂರಾ ಪುಕ್ಕಟೆ. ಸವಲತ್ತು ಬೇಕಂದರ ಪುಕ್ಕಟೆ ಬಿಡಬೇಕು, ಪುಕ್ಕಟೆ ಬೇಕಂದರ ಸವಲತ್ತು ಬಿಡಬೇಕು. ಎರಡನ್ನೂ ಬಿಡಾಕ ಅವರ ಕರುಳು ಒಪ್ಪಲಿಲ್ಲ. ದಿನಾ ಕಾರಖಾನಿಯಿಂದ ಬಂದು ಒಂದಿಷ್ಟು ಅಳಿಸೂದು, ಒಂದಿಷ್ಟು ಬರಿಯೂದು. ನನಗ ಓದಾಕ ಬರತಿರಲಿಲ್ಲ, ಆದರ ತುಳೀಬಾರದು ಅನ್ನೂದು ಗೊತ್ತಿತ್ತು. ಒಲಿ ಕಡೆ ಹೋಗಬೇಕಂದರ ನಿರಿಗಿ ಎತ್ತಿ ಸಮುದ್ರ ದಾಟಿ ಹೋಗತಿದ್ದೆ.

ಅತ್ತಿ ಗ್ವಾಡಿಗೆ ಆತು ಕುಂತು ನೋಡತಿದ್ದರು. ಚಹಾ ಇಲ್ಲದ ತಲಿ ಜಡಾಗಿ, ಹಣಿಗೆ ಬಟ್ಟಿ ಕಟಗೊಂಡಿದ್ದರು. ಒಮ್ಮೆ ಕೇಳಿದರು, “ಹೋಗೂದು ತುಟ್ಟಿ, ಬರೂದು ಸೋವಿ ಅಂತೀಯೇನು?”

“ಹೂಂ ಅವ್ವಾ.”

“ಹಂಗಾರ ಮೊದಲ ಬಂದು ಬಿಡೂಣು. ಹೋಗೂದು ಆಮ್ಯಾಲೆ ನೋಡಿದರಾತು.”

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಮ್ಮವರು ನಗಲಿಲ್ಲ. ಸೀಮೆಸುಣ್ಣ ಹಿಡದು ಫರಶಿ ಮ್ಯಾಲೆ ಇನ್ನೊಂದು ಗೆರಿ ಹಾಕಿದರು. ಅದರಾಗೂ ಏನರ ಉಳೀತೈತೇನು ಅಂತ ನೋಡಾಕತ್ತಿದ್ದರು.

ಹಿಂಗಿದ್ದಾಗ ಶುಕ್ರವಾರ ಬಂತು. ಶುಕ್ರವಾರ ನೆಲಾ ಸಾರಿಸದಿದ್ದರ ಲಕ್ಷ್ಮಿ ಹೊಸ್ತಿಲಾ ದಾಟೂದಿಲ್ಲ ಅಂತ ಅತ್ತಿ ಹಸೀ ಅರಬಿ ತಗೊಂಡು ಒಲಿ ಕಡೆಯಿಂದ ಒರಸಗೋತ ಬಂದರು. ನಡುವಿನ ಗೆರಿತನಕ ಬಂದಿದ್ದರು, ಅಷ್ಟರಾಗ ನಮ್ಮವರು ಬಾಗಿಲಿಗೆ ಬಂದು ನಿಂತು ಎದಿ ಹಿಡಕೊಂಡರು.

“ಅವ್ವಾ, ಏನ ಮಾಡಿದಿ ಇದು? ಹೋಗೂದಷ್ಟ ಉಳೀತು, ಬರೂದೆಲ್ಲಾ ಅಳಿಸಿ ಹೋತು.”

ಅತ್ತಿ ಅರಬಿ ಹಿಂಡಿ, ಸೆರಗಿಗೆ ಕೈ ಒರಸಿಕೊಂಡು, “ಹಂಗಾರ ಹೋಗೂಣು, ನಡಿ” ಅಂದರು.

ಉಣಕಲ್ಲ ಕೆರಿಯ ಸಮುದ್ರ

ಹೋಗಾಕ ಆಗಲಿಲ್ಲ. ಹಿಸೇಬು ಮುಗಿಯೂದರಾಗ ಮಳಿಗಾಲ ಬಂತು. ಮಳಿಗಾಲದಾಗ ಸಮುದ್ರ ಎದ್ದು ಕುಣೀತೈತಿ, ಹಡಗು ಬಿಡೂದಿಲ್ಲ, ದಸರಾ ಹತ್ತಿರ ಬರ್ರಿ ಅಂದ ಅಂಗಡಿಕಾರ.

ಆ ಮಳಿಗಾಲ ನಮ್ಮ ಮನಿಯಾಗ ಹೆಂಗ ಕಳೀತು ಅಂತ ನನ್ನ ಕೇಳಬೇಕು. ಹೊರಗ ಜಡಿಮಳಿ, ಒಳಗ ಚಹಾ ಇಲ್ಲದ ಅತ್ತಿ. ಜೀರಿಗಿ ಕಷಾಯ ಮಾಡಿಕೊಟ್ಟರ, ಇದು ಬಾಣಂತಿಗೆ ಕೊಡು ಅಂತಿದ್ದರು. ರೊಟ್ಟಿ ತೆಳ್ಳಗಾದರ ಸಿಟ್ಟು, ದಪ್ಪಾದರ ಸಿಟ್ಟು, ಸರೀ ಆದರ ಇವತ್ತೇನು ಇಷ್ಟು ಛಲೋ ಮಾಡೀಯಲ್ಲ ಅಂತ ಸಂಶಯ. ಬೀಗರು ಬಂದರ ಅವರ ಮುಂದ ಚಹಾ ಇಟ್ಟು, ಅವರು ಕುಡಿಯೂತನಕ ಅವರ ಗಂಟಲಾ ಇಳಿಯೂದು ಏರೂದು ನೋಡಕೋತ ಕುಂಡ್ರತಿದ್ದರು. ಬೀಗರು ಗಡಬಡಿಸಿ ನಾಲಿಗಿ ಸುಟ್ಟುಕೊಂಡು ಎದ್ದು ಹೋಗತಿದ್ದರು.

ಕಡೀಕ ನಮ್ಮವರಿಗೆ ತಡಿಯಾಕ ಆಗಲಿಲ್ಲ. ಮಳಿ ಬಿಟ್ಟ ಒಂದು ರವಿವಾರ ನಮ್ಮನ್ನ ಟಾಂಗಾದಾಗ ಕೂಡಿಸಿಕೊಂಡು ಉಣಕಲ್ಲ ಕೆರಿಗೆ ಹೋದರು. ಮೀನಾ ಹಿಡಿಯಾವನೊಬ್ಬನ ದೋಣಿ ಗೊತ್ತು ಮಾಡಿದ್ದರು. ನಾನು ತಂಬಿಗಿ ತುಂಬ ಚಹಾ ಮಾಡಿ ಅರಬಿ ಸುತ್ತಿ ತಂದಿದ್ದೆ. ಅತ್ತೀನ ಕೈ ಹಿಡದು ದೋಣಿಯಾಗ ಕೂಡಿಸಿದಿವಿ. ದೋಣಿ ದಂಡಿ ಬಿಟ್ಟು ಒಂದಿಷ್ಟು ಒಳಗ ಹೋತು. ಕೆರಿ ತುಂಬಿ ತುಳುಕತಿತ್ತು, ಗಾಳಿನೂ ಛಲೋ ಇತ್ತು.

“ನೋಡ ಅವ್ವಾ,” ಅಂದರು ನಮ್ಮವರು. “ನೀರಿನ ಮ್ಯಾಲೆ ತೇಲೂದೆಲ್ಲಾ ಹಡಗನ. ನಾಕೂ ಕಡೆ ನೀರು ಐತಿ. ಕುಡಿ ಚಾ.”

ಅತ್ತಿ ಬಶಿ ಹಿಡಕೊಂಡರು. ನಾನು ಸುರುವಿದೆ. ಬಶಿ ತುಟಿತನಕ ಹೋತು. ನನ್ನ ಎದಿ ಹಗುರಾತು, ಇನ್ನ ರೊಟ್ಟಿಗೆ ಯಾರೂ ಹೆಸರು ಇಡೂದಿಲ್ಲ ಅಂತ. ಅಷ್ಟರಾಗ ಅತ್ತಿ ಒಮ್ಮೆ ಕಣ್ಣು ತೆರದು ಬಾಜೂಕ ನೋಡಿದರು. ಅಲ್ಲೊಂದು ಎಮ್ಮಿ ನೀರಾಗ ನಿಂತು ಮೆಲಕ ಹಾಕತಿತ್ತು.

ಬಶಿ ಕೆಳಗ ಇಳೀತು. ಚಹಾ ದೋಣಿಯವನಿಗೆ ಹೋತು.

“ಎಮ್ಮಿ ಕಾಲೂರಿ ನಿಂತದ್ದಕ್ಕ ಸಮುದ್ರ ಅನ್ನಾಕ ನನ್ನ ಬಾಯಿ ಬರೂದಿಲ್ಲ ತಮ್ಮಾ,” ಅಂದರು. “ನೀ ಹಡಗದ್ದೂ ಸವಲತ್ತು ಹುಡುಕಿದಿ, ಸಮುದ್ರದ್ದೂ ಸವಲತ್ತು ಹುಡುಕಿದಿ. ಚಾ ಬಿಟ್ಟ ನನ್ನ ಆಣೀದು ಒಂದು ಉಳದೈತಿ, ಅದಕ್ಕ ಕೈ ಹಚ್ಚಬ್ಯಾಡ.”

ಹತ್ತು ಮಂದಿ ಗುಂಪು

ದಸರಾ ಬರೂದರಾಗ ನಮ್ಮವರು ನಿಶ್ಚಯಕ್ಕ ಬಂದಿದ್ದರು. ಪಾರ್ಟಿ ಟಿಕೀಟು, ಕೆಳಗಿನ ಡೆಕ್ಕು, ತಿನ್ನೂದು ಉಣ್ಣೂದು ಬ್ಯಾಡ, ಬರೀ ಹೋಗೂದು, ಬರೂದು ಪಾಸಿನ ಮ್ಯಾಲೆ ರೈಲಿನಾಗ. ಸೋವಿ ಮ್ಯಾಲೆ ಸೋವಿ ಮ್ಯಾಲೆ ಸೋವಿ, ಒಂದರ ಮ್ಯಾಲೊಂದು ರೊಟ್ಟಿ ಪೇರಿಸಿದಂಗ. ಆದರ ಗುಂಪಿಗೆ ಹತ್ತು ಮಂದಿ ಬೇಕು.

ಗಾರ್ಡ್ ಕಾಕೂ ಮೊದಲನೇದಾಕಿ, ಹಡಗಿನ ಅನುಭವ ಇದ್ದಾಕಿ ಒಬ್ಬಾಕಿ ಬೇಕಲ್ಲ ಅಂತ ತಾನ ಮುಂದ ಬಂದಳು. ಕಾರಖಾನಿಯಾಗಿನ ನಾಕು ಮಂದಿ ಹೂಂ ಅಂದರು, ಅವರೂ ಪಾಸಿನವರ, ಸೋವಿ ಅಂದರ ಕಿವಿ ನೆಟ್ಟಗಾಗೂ ಜಾತಿ. ಧಾರವಾಡದ ಸಾಲಿ ಮಾಸ್ತರೊಬ್ಬರು ನಮ್ಮವರಿಗೆ ಪರಿಚಯ. ಭಾಳ ನಾಜೂಕು ಮಾತು. ಅವರ ಮನಿಗೆ ಹೋದರ ಪೇಢೆ ಕೊಟ್ಟು, “ಅಗದೀ ಸಂತೋಷದಿಂದ ಬರ್ತೇನ್ರಿ. ಆದರ ನನಗ ಗಾಳಿ ಆಗೂದಿಲ್ಲ. ಗಾಳಿ ಇಲ್ಲದ ಕಡೆಯಿಂದ ಹೋಗೂ ಸಮುದ್ರ ಯಾವುದರ ಅದ ಏನು, ವಿಚಾರಿಸಿ ನೋಡ್ರಿ” ಅಂದರು. ಕೆಳಗಿನ ಡೆಕ್ಕಿನಾಗ ಗಾಳಿ ಕಡಿಮಿ, ಅದಕ್ಕ ಅದು ಸೋವಿ ಅಂತ ನಮ್ಮವರು ಒಪ್ಪಿಸಿದರು.

ಒಬ್ಬರು ಕಡಿಮಿ ಬಿದ್ದರು. ಅತ್ತಿಯ ತಮ್ಮ ಉಪ್ಪಿನಬೆಟಗೇರಿಯಾಗ ಹೊಲಾ ಮಾಡಿಕೊಂಡಿದ್ದರು, ನಮ್ಮವರಿಗೆ ಸ್ವಾದರಮಾವ. ಅವರಿಗೆ ಹೇಳಿ ಕಳಿಸಿದಿವಿ. ಬಂದರು. ಪಡಸಾಲಿಯಾಗ ಕುಂತು, ಎಲಿ ಅಡಕಿ ಹಾಕಿಕೊಂಡು, ವ್ಯವಹಾರದ ಮಾತು ತೆಗೆದರು. ಹಡಗ ನಡುವ ಎಲ್ಲೆರ ನಿಂದರತೈತೇನು, ಬ್ಯಾಸರಾದ್ರ ಇಳದು ಹಿಂದಕ್ಕ ಬರಾಕ ಚಕ್ಕಡಿ ಸಿಗತಾವೇನು ಅಂತ ಕೇಳಿದರು. ಇಲ್ಲ ಅಂದಿವಿ.

“ನೀರು ಭಾಳ ಅಂತಾರಲ್ಲ, ಎಷ್ಟು ಐತಿ?”

“ಕಣ್ಣು ಮುಟ್ಟೂತನಕ ನೀರ, ಮಾಮಾ.”

“ಹೊಲಕ್ಕ ಹಾಯಿಸ್ತಾರೇನು?”

“ಉಪ್ಪು ನೀರು. ಬೆಳಿಗೆ ಬರೂದಿಲ್ಲ.”

ಮಾಮಾ ಎದ್ದು ಹೋಗಿ ಎಲಿ ಅಡಕಿ ಉಗುಳಿ ಬಂದು ಕುಂತರು. “ಏನ ಹುಚ್ಚರಪಾ. ಬೆಳಿಗೆ ಬಾರದ ನೀರು ಅಷ್ಟ್ಯಾಕ ಇಟಗೊಂಡಾರು? ನಡೀರಿ, ಒಮ್ಮೆ ನೋಡೂಣು.”

ಪಾಸು ಇದ್ದೂ ಹೋಗದವ

ಹತ್ತು ಮಂದಿ ಕೂಡಿದರು ಅಂತ ನಾವು ಮೂರೂ ಮಂದಿ ಟಿಕೀಟು ತರಾಕ ಹೋದಿವಿ. ಅಂಗಡಿಕಾರ ಮತ್ತ ಗಾಳಿ, ಸೂರ್ಯಾ, ತೆರಿ ಅಂತ ಶುರು ಮಾಡಿದ. ಅತ್ತಿ ನಡುವ ಬಾಯಿ ಹಾಕಿ, “ಎಪ್ಪಾ, ನೀ ಎಷ್ಟು ಸಲ ಹೋಗೀದಿ?” ಅಂತ ಕೇಳಿದರು.

ಅವನ ಮುಖಾ ಸಣ್ಣಗಾತು. ಹಿಂದಿನ ಚಿತ್ರ ನೋಡಿದ, ನಮ್ಮನ್ನ ನೋಡಿದ. “ಒಮ್ಮೆನೂ ಹೋಗಿಲ್ಲ, ಅಜ್ಜಿ. ನನಗ ನೀರಂದ್ರ ಹೆದರಿಕಿ. ಹಡಗದವರು ನನಗ ವರ್ಷಾ ವರ್ಷಾ ಪುಕ್ಕಟೆ ಪಾಸು ಕೊಡತಾರ, ಮ್ಯಾಲಿನ ಡೆಕ್ಕಿಂದ, ಊಟಾ ಉಪಚಾರ ಕೂಡೇ. ಅದು ಹಂಗ ಮುದತ್ತು ಮುಗದು ಹೋಗತೈತಿ.”

ನನಗೂ ಅತ್ತಿಗೂ ನಗಿ ಬಂತು. ನಮ್ಮವರು ಮಾತ್ರ ಯಾರದರ ಮನಿಯಾಗ ಯಾರರ ತೀರಿಕೊಂಡ ಸುದ್ದಿ ಕೇಳಿದವರಂಗ ಟೊಪಿಗಿ ತೆಗೆದು ಕೈಯಾಗ ಹಿಡದರು.

“ಪಾಸು ಐತಿ,” ಅಂದರು. “ಮುದತ್ತು ಮುಗದು ಹೋಗತೈತಿ. ವರ್ಷಾ?”

“ವರ್ಷಾರಿ.”

ಆ ದಿನ ನಮ್ಮವರು ಸರಿಯಾಗಿ ಊಟಾ ಮಾಡಲಿಲ್ಲ. ಮರುದಿನ ಕಾರಖಾನಿ ಬಿಟ್ಟ ಕೂಡಲೇ ಅಂಗಡಿಗೆ ಹೋದರು, ಅದರ ಮರುದಿನಾನೂ ಹೋದರು. ಪಾಸು ಸುಮ್ಮನ ಸಾಯಿಸಿದವರಿಗೆ ಯಾವ ಲೋಕದಾಗೂ ಜಾಗಾ ಸಿಗೂದಿಲ್ಲ ಅಂತ ತಿಳಿಸಿ ಹೇಳಿದರು. ನಮ್ಮ ಅವ್ವ ನಿಮ್ಮ ಮಗ್ಗಲದಾಗ ಇರತಾಳ, ನಿಮಗ ಏನೂ ಆಗೂದಿಲ್ಲ ಅಂದರು. ಕಡೀಕ ಆ ಮನುಷ್ಯ ಅಂಗಡಿ ಬಾಗಲಾ ಹಾಕಿ ನಮ್ಮ ಜೋಡಿ ಬರಾಕ ಒಪ್ಪಿದ.

ಹೊರಗ ಬಂದು ನಮ್ಮವರು ನಿಟ್ಟುಸಿರು ಬಿಟ್ಟರು. “ಒಂದು ಜೀವಾ ಉಳಿಸಿದಂಗಾತು” ಅಂದರು. ಅವರು ಅಂದದ್ದು ಪಾಸಿನ ಜೀವಾ.

ಮುಂದಿನ ಟೇಶನ್

ಹೊರಟ ದಿನ ಅತ್ತಿ ತಮ್ಮ ಬಶೀನ ಹೊಸಾ ಕುಬಸದ ಖಣದಾಗ ಸುತ್ತಿ ಉಡಿಯಾಗ ಇಟಗೊಂಡರು. ರೈಲಿನಾಗ ಪ್ರತಿ ಟೇಶನ್ನಿಗೂ “ಚಾಯ್, ಗರಮ್ ಚಾಯ್” ಅಂತ ಕಿಡಕಿತನಕ ಬಂದು ಕೂಗತಿದ್ದರು. ಅತ್ತಿ ಆ ಕಡೆ ಬೆನ್ನು ಮಾಡಿ ಕುಂತು, ಉಡಿಯಾಗಿನ ಬಶಿ ಸವರತಿದ್ದರು, ಅಳೂ ಕೂಸಿಗೆ ಸಮಾಧಾನ ಮಾಡಿದಂಗ.

ಬಂದರದಾಗ ಹಡಗು ನೋಡಿದ ಕೂಡಲೇ ರೇಲ್ವೆ ಮಂದಿಯ ರಕ್ತ ಕುದೀತು. ರೈಲಿನಾಗ ಜಾಗಾ ಹಿಡಿಯೂ ರೀತಿ ನಿಮಗ ಗೊತ್ತೈತಿ, ಕಿಡಕಿಯೊಳಗ ಟಾವೆಲ್ ಒಗದರ ಆ ಜಾಗಾ ನಮ್ಮದು. ನಮ್ಮವರು ದಂಡೀ ಮ್ಯಾಲೆ ನಿಂತು ಹಡಗಿನ ಮ್ಯಾಲೆ ಟಾವೆಲ್ ಒಗದರು. ಗಾಳಿಗೆ ಅದು ಹೊಳ್ಳಿ ಸಮುದ್ರಕ್ಕ ಬಿತ್ತು. ಮಾಮಾ ಅದು ತೇಲಿ ಹೋಗೂದು ನೋಡಿ, “ಸಮುದ್ರದಾಗ ನಿನಗೊಂದು ಜಾಗಾ ಸಿಕ್ಕತು ನೋಡಪಾ” ಅಂದರು.

ಟಿಕೀಟು ಮಾರಾವನು ಬಿಳಿಚಿಕೊಂಡ ಮುಖಾ ಹೊತಗೊಂಡು ಮ್ಯಾಲಿನ ಡೆಕ್ಕಿಗೆ ಹೋದ. ನಾವು ಕೆಳಗ ಚಾಪಿ ಹಾಸಿದಿವಿ. ದಂಡಿ ಬಿಡೂತನಕ ಬ್ಯಾಡ, ನಾಕೂ ಕಡೆ ನೀರಾಗಲಿ ಅಂತ ಅತ್ತಿ ಕಾದರು. ದಂಡಿ ಗೆರಿಯಂಗಾಗಿ ಅಳಿಸಿ ಹೋತು. ಆಗ ಅತ್ತಿ ಕಾಲು ಮಡಚಿ ಕುಂತು, ಖಣಾ ಬಿಚ್ಚಿ, ಬಶಿ ಮುಂದ ಇಟ್ಟು, “ತರಸು ತಮ್ಮಾ, ಚಾ” ಅಂದರು. ನಾವು ಉಳದ ಒಂಬತ್ತೂ ಮಂದಿ ಮಾತು ನಿಲ್ಲಿಸಿ ನೋಡಿದಿವಿ, ಮದಿವ್ಯಾಗ ಅಕ್ಷತಾ ಹಿಡದು ನಿಂತವರಂಗ.

ನಮ್ಮವರು ಹಡಗಿನ ಆಳೊಬ್ಬನ್ನ ಕರದರು. ಅವನು ಟಿಕೀಟು ನೋಡಿ, ಅರ್ಧಾ ಹಿಂದಿ ಅರ್ಧಾ ಮರಾಠಿಯಾಗ ತಿಳಿಸಿದ. ನಿಮ್ಮದು ತಿನ್ನೂದು ಉಣ್ಣೂದು ಬ್ಯಾಡ ಅನ್ನೂ ಟಿಕೀಟು. ಚಹಾ ಮ್ಯಾಲಿನ ಡೆಕ್ಕಿನವರಿಗಷ್ಟ. ನೀವು ಮ್ಯಾಲೆ ಹೋಗೂಹಂಗಿಲ್ಲ, ಚಹಾ ಕೆಳಗ ಬರೂಹಂಗಿಲ್ಲ.

ಅತ್ತಿ ಕುತ್ತಿಗಿ ತಿರುಗಿಸಿ ಗಾರ್ಡ್ ಕಾಕೂನ ನೋಡಿದರು. “ಏನವಾ, ಒಂದು ಗುಟಕ ಚಾ, ಒಮ್ಮೆ ಸಮುದ್ರ ಅಂತಿದ್ದಿ?”

ಕಾಕೂ ಸೆರಗು ಸರಿ ಮಾಡಿಕೊಂಡಳು. “ಮ್ಯಾಲಿನವರು ಹಂಗ ಕುಡೀತಾರ ಅಂತ ಹೇಳಿದೆರಿ. ನಾ ಕುಡದೆ ಅಂದೆನೇನು?”

ನಮ್ಮ ಗಂಟಿನಾಗ ಏನು ಇರಲಿಲ್ಲ ಹೇಳ್ರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ, ಉಂಡಿ, ಉಪ್ಪಿನಕಾಯಿ. ಚಹಾ ಒಂದು ಇರಲಿಲ್ಲ. ರೇಲ್ವೆ ಮಂದಿ ಮನಿಯಿಂದ ಚಹಾ ಕಟಗೊಂಡು ಹೋಗೂದು ಅಂದರ ಏನು, ಟೇಶನ್ ಬಂದ ಕೂಡಲೇ ಕಿಡಕಿಗೆ ಬರತೈತಲ್ಲ. ಹುಟ್ಟಿದಾಗಿಂದ ಪ್ರವಾಸದಾಗ ಹೇಳಿದ್ದ ಮಾತು ನಮ್ಮವರ ಬಾಯಾಗ ತಾನ ಬಂತು.

“ಮುಂದಿನ ಟೇಶನ್ನಾಗ ಕುಡಸ್ತೇನಿ, ಅವ್ವಾ.”

ಅತ್ತಿ ಎದ್ದು ನಿಂತರು. ಮುಂದ ನೋಡಿದರು, ಹಿಂದ ನೋಡಿದರು, ಎಡಕ ಬಲಕ ನೋಡಿದರು. ನೀರು, ನೀರು, ನೀರು.

“ಎಲ್ಲಿ ಐತಿ, ತೋರಸು” ಅಂದರು.

ಯಾರೂ ನಗಲಿಲ್ಲ. ಅತ್ತಿ ಬಶೀನ ಮತ್ತ ಖಣದಾಗ ಸುತ್ತಾಕ ಹತ್ತಿದರು. ಮಳಿಗಾಲ ಪೂರಾ ಸಿಟ್ಟಿಗೆದ್ದದ್ದು ನೋಡಿದ್ದೆ, ಈಗ ಸಿಟ್ಟು ಇರಲಿಲ್ಲ. ನನಗ ಸಿಟ್ಟಿನ ಅತ್ತಿನ ಬೇಕಾಗಿದ್ದರು. ನಮ್ಮವರು ತಲಿ ತಗ್ಗಿಸಿ ಸೀಮೆಸುಣ್ಣ ಪುಡಿ ಮಾಡಕೋತ ಕುಂತರು.

ಅಷ್ಟರಾಗ ಹಡಗು ವಾಲಾಕ ಶುರು ಮಾಡಿತು. ಮಾಸ್ತರು ಗ್ವಾಡಿ ಹಿಡಕೊಂಡರು. ಕಾಕೂ ಚಾಪಿ ಮ್ಯಾಲೆ ಅಡ್ಡಾದಳು, ಆಕಿ ಅನುಭವ ಅಲ್ಲಿಗೆ ಮುಗೀತು. ಅದ ಆಳು ಮ್ಯಾಲಿಂದ ಓಡಿ ಬಂದು, ಕರೀ ಟೊಪಿಗಿಯವನ ಕಡೆಯವರು ಯಾರು, ಅವನಿಗೆ ಭಾಳ ಆಗಾಕತ್ತೈತಿ, ಅಜ್ಜೀನ ಕರೀರಿ ಅಂತ ಬಡಕೊಳ್ಳಾಕತ್ತಾನ ಅಂದ. ಅತ್ತಿ ಉಪ್ಪಿನಕಾಯಿ ಭರಣಿ ತಗೊಂಡರು, ಬಶಿ ಉಡಿಯಾಗ ಇಟಗೊಂಡು, ಆಳಿನ ಹಿಂದ ನಿಚ್ಚಣಿಕಿ ಏರಿ ಹೋದರು.

ಹೋದವರು ಬರಲಿಲ್ಲ. ಭಾಳ ಹೊತ್ತಾತು. ಅವ್ವಗ ಏನರ ಆತೇನು ಅಂತ ನಮ್ಮವರು ಗಾಬರಿಯಾಗಿ, ನನ್ನ ಕೈ ಹಿಡದು, ಬೈಸಿಕೊಂಡರೂ ಬೈಸಿಕೊಳ್ಳೂಣು ಅಂತ ಮ್ಯಾಲೆ ಏರಿದರು. ತಡಿಯಾಕ ಅಲ್ಲಿ ಯಾರೂ ಇರಲಿಲ್ಲ.

ಮ್ಯಾಲಿನ ಡೆಕ್ಕಿನ ಆ ಚಂದ ನಾನು ಇವತ್ತಿಗೂ ಮರತಿಲ್ಲ. ಸಾಲಾಗಿ ಖುರ್ಚಿ, ಖುರ್ಚಿ ತುಂಬ ತುಟ್ಟಿ ಟಿಕೀಟಿನ ಮಂದಿ, ಎಲ್ಲಾರ ಮುಖಾನೂ ಹಸೀ ಬಾಳಿಕಾಯಿ ಬಣ್ಣ. ಅರ್ಧಾ ಮಂದಿ ಅಂಚಿನ ಕಠಡಾ ಹಿಡದು ಸಮುದ್ರಕ್ಕ ಬಾಗಿದ್ದರು. ಆಳು ಚಹಾದ ತಾಟು ಹಿಡದು ಒಬ್ಬೊಬ್ಬರ ಮುಂದ ಹೋದರ, ಅವರು ಕಣ್ಣು ಮುಚ್ಚಿ ಕೈ ಅಲ್ಲಾಡಸ್ತಿದ್ದರು. ಅದರ ನಡುವ ನಮ್ಮ ಅತ್ತಿ. ಎತ್ತಿನ ಚಕ್ಕಡಿಯಾಗ ತವರಿಗೆ ಹೋಗಿ ಬಂದ ಹೊಟ್ಟಿ ಅದು, ಸಮುದ್ರ ಅದಕ್ಕ ಏನು ಮಾಡೀತು. ನೆಲದ ಮ್ಯಾಲೆ ಚಕ್ಕಂಬಕ್ಕಳ ಹಾಕಿ ಕುಂತಿದ್ದರು. ಟಿಕೀಟು ಮಾರಾವನ ತಲಿ ಅವರ ತೊಡಿ ಮ್ಯಾಲೆ, ಅವನ ಬಾಯಾಗ ಉಪ್ಪಿನಕಾಯಿ ಹೋಳು. ಅತ್ತಿಯ ಎರಡೂ ಕೈಯಾಗ ಬಶಿ. ಕಣ್ಣು ಮುಚ್ಚಿದ್ದವು. ಸೊರ್ ಅಂತ ಸಪ್ಪಳ ಗಾಳಿಯಾಗೂ ಕೇಳಿಸಿತು.

“ಅವ್ವಾ, ಚಾ ಎಲ್ಲಿಂದ ಬಂತು?”

ಅತ್ತಿ ಬಶಿ ಖಾಲಿ ಮಾಡೇ ಕಣ್ಣು ತೆರದರು. “ಮೊದಲನೇದು ಇವಂದು, ಪಾಸಿನ ಚಾ. ಆಮ್ಯಾಲೆ ಆ ಖುರ್ಚಿಯವರದು. ಈಗ ಕುಡದದ್ದು ಅಲ್ಲಿ ಬಾಗಿ ನಿಂತಾರಲ್ಲ, ಅವರದು. ಚೆಲ್ಲೂದಕ್ಕಿಂತ ನೀವ ಕುಡೀರಿ ಅಂತ ಈ ತಾಟಿನ ಹುಡುಗನ ಕೊಟ್ಟ.”

ಟಿಕೀಟು ಮಾರಾವನು ಕಣ್ಣು ತೆರೀದೇ ನರಳಿದ. “ಅಜ್ಜಿ, ದಂಡಿ ಇನ್ನ ಎಷ್ಟು ದೂರ ಐತಿ?”

“ಮುಂದಿನ ಟೇಶನ್ ಎಪ್ಪಾ, ಮಲಕೋ,” ಅಂದು ಅತ್ತಿ ಅವನ ಬೆನ್ನು ತಟ್ಟಿದರು. ಆಮ್ಯಾಲೆ ಮಗನ ಕಡೆ ತಿರುಗಿದರು. “ಹೋಗಿ ಬರೂ ಟಿಕೀಟು, ಪಾರ್ಟಿ ಟಿಕೀಟು, ಉಣ್ಣೂದು ಬ್ಯಾಡದ ಟಿಕೀಟು ಅಂತ ನನ್ನ ನೆಲಾ ಎಲ್ಲಾ ಬರದು ಹಾಳ ಮಾಡಿದಿ, ತಮ್ಮಾ. ಪುಕ್ಕಟೆದು ಇಲ್ಲಿ ಐತಿ ನೋಡು. ವಾಂತಿ ಮಾಡಾವರ ಮಗ್ಗಲದಾಗ ಕುಂಡ್ರೂದು.”

ನಮ್ಮವರು ಕೈಯಾಗಿನ ಸೀಮೆಸುಣ್ಣದ ಪುಡಿ ಝಾಡಿಸಿದರು. ಸಾಲಿನಾಗಿನ ಖುರ್ಚಿ ಎಲ್ಲಾ ಒಮ್ಮೆ ನೋಡಿ, ಎಲ್ಲಾರಕಿಂತ ಹೆಚ್ಚು ಹಸರಾಗಿದ್ದ ಒಬ್ಬ ದಪ್ಪನ್ನ ಸಾವಕಾರನ್ನ ಆರಿಸಿ, ಮೆಲ್ಲಕ ಹೋಗಿ ಅವನ ಬಾಜೂಕ ಕುಂತರು.